ರಾಕಿ ಪರ್ವತಗಳಲ್ಲಿ ಡೇರೆಯೊಂದಿಗೆ ಒಂಬತ್ತು ದಿನ: ಮಾರ್ಗದ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬರುವ ಜುಲೈನಲ್ಲಿ ನಾನು, ನನ್ನ ಪತ್ನಿ ಮತ್ತು ಏಳು ಹಾಗೂ ಹನ್ನೊಂದು ವರ್ಷದ ಇಬ್ಬರು ಮಕ್ಕಳು ಕ್ಯಾಲ್ಗರಿಯಲ್ಲಿ ಬಾಡಿಗೆ ಕಾರು ಪಡೆದು, ಒಂಬತ್ತು ದಿನ ಡೇರೆಯಲ್ಲೇ ತಂಗುತ್ತ ಕೆನಡಾದ ರಾಕಿ ಪರ್ವತಗಳನ್ನು ಸುತ್ತಬೇಕೆಂದಿದ್ದೇವೆ. ಬ್ಯಾನ್ಫ್, ಲೇಕ್ ಲೂಯಿಸ್, ಯೋಹೊ, ಜಾಸ್ಪರ್ ನೋಡಿದ ಮೇಲೆ ಗಡಿ ದಾಟಿ, ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೂ ಹೋಗುವ ಆಸೆಯಿದೆ. ಪ್ರತಿ ರಾತ್ರಿ ಬೇರೆ ಬೇರೆ ಕಡೆ ಡೇರೆ ಹಾಕುವ ಈ ಯೋಜನೆ ಮಕ್ಕಳೊಂದಿಗೆ ಸಾಧ್ಯವೇ? ಹಿಮನದಿಯ ಸಮೀಪ ತಂಗಿದರೆ ಚಳಿ ಎಷ್ಟಿರಬಹುದು?

ಉತ್ತರ 1:
ಮೊಂಟಾನಾವನ್ನು ಈ ಸಲ ಕೈಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ. ಡೇರೆ ಬಿಚ್ಚಿ, ಮಡಚಿ, ಹಾಸಿಗೆ ಸುತ್ತಿ ಕಾರಿಗೆ ತುಂಬುವುದಕ್ಕೂ ಮತ್ತೊಂದು ಕಡೆ ಅದನ್ನೆಲ್ಲ ಹರಡುವುದಕ್ಕೂ ದಿನಕ್ಕೆ ಮೂರು ಗಂಟೆಯಾದರೂ ಹೋಗುತ್ತದೆ. ಒಂಬತ್ತು ದಿನ ಹೀಗೆಯೇ ಮಾಡಿದರೆ ಮಕ್ಕಳಿಗೆ ಸರೋವರಗಳಿಗಿಂತ ಕಾರಿನ ಹಿಂದಿನ ಸೀಟೇ ಹೆಚ್ಚು ನೆನಪಿರುತ್ತದೆ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಹೋಗುವ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಸುಮಾರು 230 ಕಿಲೋಮೀಟರ್ ಉದ್ದವಿದ್ದು, ಎಲ್ಲಿಯೂ ನಿಲ್ಲಿಸದೆ ಓಡಿಸಿದರೆ ಮೂರು ಗಂಟೆಯ ದಾರಿ. ಆದರೆ ಬೋ ಸರೋವರದ ತಿರುವಿಗೆ ಬಂದವರು ಯಾರೂ ನಿಲ್ಲಿಸದೆ ಹೋಗಲಾರರು. ಅದನ್ನು ಒಂದೇ ದಿನದಲ್ಲಿ ಮುಗಿಸುವ ಬದಲು ಲೇಕ್ ಲೂಯಿಸ್‌ನಲ್ಲಿ ಮೂರು ರಾತ್ರಿ, ಕೊಲಂಬಿಯಾ ಹಿಮಕ್ಷೇತ್ರದ ಬಳಿ ಎರಡು ರಾತ್ರಿ, ಜಾಸ್ಪರ್ ಕಡೆ ಮೂರು ರಾತ್ರಿ ಇಟ್ಟುಕೊಳ್ಳಿ. ಯೋಹೊವನ್ನು ಲೇಕ್ ಲೂಯಿಸ್‌ನಿಂದಲೇ ಹೋಗಿ ಬಂದು ನೋಡಬಹುದು.

ಜುಲೈ ಆಯ್ಕೆ ಒಳ್ಳೆಯದು. ಜೂನ್ ಆರಂಭದಲ್ಲಿ ಎತ್ತರದ ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಉಳಿದಿರುವುದುಂಟು. ಹಿಮನದಿಯು ಬಂಡೆಯ ಮೇಲೆ ಜಾರುತ್ತ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತದೆ. ಬೇಸಿಗೆಯಲ್ಲಿ ಕರಗಿದ ನೀರಿನೊಂದಿಗೆ ಬರುವ ಆ ಹಿಟ್ಟು ತಳಕ್ಕಿಳಿಯದೆ ತೇಲುತ್ತ ಬೆಳಕನ್ನು ಚದುರಿಸುವುದರಿಂದಲೇ ಪೀಟೊ ಸರೋವರಕ್ಕೆ ಆ ಹಸಿರುನೀಲಿ ಬರುತ್ತದೆ. ಮೊರೇನ್ ಸರೋವರಕ್ಕೆ ಮಾತ್ರ ನಿಮ್ಮ ಕಾರು ಹೋಗುವುದಿಲ್ಲ. 2023ರಿಂದ ಆ ರಸ್ತೆಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಬಸ್ಸಿನ ಸೀಟನ್ನು ಮೊದಲೇ ಕಾದಿರಿಸಬೇಕು.

ಉತ್ತರ 2:
ಚಳಿಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಕೊಲಂಬಿಯಾ ಹಿಮಕ್ಷೇತ್ರದ ಬಳಿಯ ವಿಲ್ಕಾಕ್ಸ್ ಶಿಬಿರತಾಣ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ನಾವು ಅಲ್ಲಿದ್ದದ್ದು ಜುಲೈ ಕೊನೆಯ ವಾರದಲ್ಲಾದರೂ, ಬೆಳಿಗ್ಗೆ ಎದ್ದು ನೋಡಿದಾಗ ಹೊರಗೆ ಬಿಟ್ಟಿದ್ದ ಪಾತ್ರೆಯ ನೀರಿನ ಮೇಲೆ ಬೆರಳಿಂದ ಒತ್ತಿದರೆ ಚಟ್ ಎನ್ನುವಂಥ ತೆಳು ಪದರ ಕಟ್ಟಿತ್ತು. ಅದಕ್ಕಿಂತ ಪೇಚಾಟವಾದದ್ದು ಒಲೆಯದು. ನಾನು ಅಗ್ಗವೆಂದು ಬ್ಯೂಟೇನ್ ಮಾತ್ರ ತುಂಬಿದ ಡಬ್ಬಿ ಕೊಂಡಿದ್ದೆ. ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಅದು ಆವಿಯಾಗುವುದೇ ಇಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಡಬ್ಬಿಯನ್ನು ಅರ್ಧ ಗಂಟೆ ಜಾಕೆಟ್ಟಿನೊಳಗೆ ಅವುಚಿಕೊಂಡು ಕುಳಿತ ಮೇಲೆಯೇ ಚಹಾ ಆದದ್ದು. ಪ್ರೊಪೇನ್ ಬೆರೆತದ್ದನ್ನೇ ಕೊಳ್ಳಿ, ಮಕ್ಕಳ ಮಲಗುಚೀಲಗಳ ಕೆಳಗೆ ದಪ್ಪ ಹಾಸು ಇರಲಿ; ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುವುದೇ ಹೆಚ್ಚು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೊಂಟಾನಾವನ್ನು ಕೈಬಿಟ್ಟೆವು, ಹಿರಿಯ ಮಗನಿಗೆ ಸ್ವಲ್ಪ ಬೇಸರವಾಗಿದೆ. ಇನ್ನೊಂದು ಸಂದೇಹ: ಕಿರಿಯವಳು ರಾತ್ರಿ ಎದ್ದು ಏನಾದರೂ ತಿನ್ನಲು ಕೇಳುತ್ತಾಳೆ. ಬಿಸ್ಕತ್ತಿನ ಡಬ್ಬಿಯೊಂದನ್ನು ಡೇರೆಯೊಳಗೆ ಇಟ್ಟುಕೊಳ್ಳಬಹುದೇ?

ಉತ್ತರ 3:
ಖಂಡಿತ ಬೇಡ. ಅದು ಕರಡಿಗಳ ನಾಡು. ಬಿಸ್ಕತ್ತು ಮಾತ್ರವಲ್ಲ, ಟೂತ್‌ಪೇಸ್ಟ್, ಸಾಬೂನು, ತೊಳೆಯದ ತಟ್ಟೆ, ಖಾಲಿ ಜ್ಯೂಸ್ ಡಬ್ಬಿ ಹೀಗೆ ವಾಸನೆಯಿರುವ ಯಾವುದೂ ಡೇರೆಯಲ್ಲಿರಬಾರದು. ಎಲ್ಲವೂ ಕಿಟಕಿ ಮುಚ್ಚಿ ಬೀಗ ಹಾಕಿದ ಕಾರಿನಲ್ಲಿ ಅಥವಾ ಶಿಬಿರತಾಣದ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಮಲಗುವ ಮುನ್ನ ಮಕ್ಕಳ ಜೇಬುಗಳನ್ನೂ ನೋಡಿ. ನಮ್ಮ ಮಗಳ ಜಾಕೆಟ್ಟಿನಲ್ಲಿ ಅರ್ಧ ಚಾಕೊಲೇಟ್ ಸಿಕ್ಕಿತ್ತು. ಲೇಕ್ ಲೂಯಿಸ್‌ನಲ್ಲಿ ಡೇರೆಗಳ ಭಾಗಕ್ಕೆ ವಿದ್ಯುತ್ ಬೇಲಿಯೇ ಇದೆ, ಆದರೂ ಈ ನಿಯಮ ಸಡಿಲವಾಗುವುದಿಲ್ಲ. ಕರಡಿ ಕಂಡರೆ ಕನಿಷ್ಠ 100 ಮೀಟರ್ ದೂರವಿರಬೇಕು.

ಉತ್ತರ 1 ಬರೆದವರು:
ಮಗನ ಬೇಸರಕ್ಕೆ ಕೊಲಂಬಿಯಾ ಹಿಮಕ್ಷೇತ್ರದಿಂದ ಇಳಿಯುವ ಅಥಬಾಸ್ಕಾ ಹಿಮನದಿಯೇ ಮದ್ದು. ಅದರ ಅಂಚು ಯಾವ ವರ್ಷ ಎಲ್ಲಿತ್ತೆಂದು ತೋರಿಸುವ ಫಲಕಗಳು ಕಾಲುದಾರಿಯುದ್ದಕ್ಕೂ ಇವೆ. ನಾನು ಹುಟ್ಟಿದ ಕಾಲದ ಫಲಕದ ಬಳಿ ನಿಂತಾಗ ಮುಂದೆ ಬರೀ ಜಲ್ಲಿಕಲ್ಲು, ಮಂಜು ಎಷ್ಟೋ ಮೇಲಕ್ಕೆ ಸರಿದಿತ್ತು. ಹಗ್ಗ ದಾಟಿ ಮಂಜಿನ ಮೇಲೆ ಕಾಲಿಡಲು ಮಾತ್ರ ಬಿಡಬೇಡಿ, ಆಳವಾದ ಬಿರುಕುಗಳನ್ನು ತೆಳ್ಳನೆಯ ಹಿಮ ಮುಚ್ಚಿರುತ್ತದೆ. ಹೋಗಲೇಬೇಕೆಂದರೆ ಮಾರ್ಗದರ್ಶಕರೊಂದಿಗೆ ಹೋಗಿ. ವಿಲ್ಕಾಕ್ಸ್‌ನಲ್ಲಿ ಮುಂಗಡ ಕಾದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಜಾಗ. ಆದ್ದರಿಂದ ಲೇಕ್ ಲೂಯಿಸ್‌ನಲ್ಲೇ ಪೆಟ್ರೋಲ್ ತುಂಬಿಸಿ, ದಾರಿಯ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಇಲ್ಲದಿರುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಬೆಳಿಗ್ಗೆ ಬೇಗ ಹೊರಟು ನೇರವಾಗಿ ವಿಲ್ಕಾಕ್ಸ್‌ಗೆ ಹೋಗಿ ಡೇರೆ ಹಾಕಿ. ಬೋ ಮತ್ತು ಪೀಟೊ ಸರೋವರಗಳನ್ನು ಹಿಂತಿರುಗುವ ದಿನ ನಿಧಾನವಾಗಿ ನೋಡಬಹುದು.