ಪದಚರ್ಚೆ: ಮಗು ಹುಟ್ಟಿದ ಸುದ್ದಿಯ ಕಾರ್ಡಿನಲ್ಲಿ ‘ಕೂಸು’ ಬರೆಯಬಹುದಾ?

ಎಲ್ಲರಿಗೂ ನಮಸ್ಕಾರ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ತಂಗಿಗೆ ಗಂಡು ಮಗು ಆಗಿದೆ. ಸುದ್ದಿ ತಿಳಿಸಲು ಚೆಂದದ ಕಾರ್ಡು ಮಾಡಿಸಬೇಕೆಂದು ಅವಳ ಆಸೆ. ಆನ್‌ಲೈನಿನಲ್ಲಿ ಒಂದು ಡಿಸೈನ್ ಆರಿಸಿದ್ದಾಳೆ. ಅದರಲ್ಲಿರುವ ಇಂಗ್ಲಿಷ್ ಮಾತು ಅಳಿಸಿ ನಮ್ಮ ಮಾತು ತುಂಬಬಹುದು. ಕನ್ನಡದಲ್ಲಿ ಬರೆದುಕೊಡುವ ಕೆಲಸ ನನಗೆ ಬಂದಿದೆ. ನಮ್ಮದು ಧಾರವಾಡ. ಅವಳ ಗಂಡನ ಮನೆಯವರು ಶಿರಸಿ ಕಡೆಯ ಹವ್ಯಕರು. ಮಾಟುಂಗದಲ್ಲಿರುವ ಮೈಸೂರು ಕಡೆಯ ಸ್ನೇಹಿತರಿಗೂ ಕಾರ್ಡು ಹೋಗಬೇಕು. ಮೂರೂ ಕಡೆಯವರು ಒಂದೇ ಅರ್ಥದಲ್ಲಿ ಓದುವ ಹಾಗಿರಬೇಕು.

ನಾನು ಮೊದಲು ಬರೆದದ್ದು ‘ನಮ್ಮ ಮನೆಗೆ ಕೂಸು ಬಂದಿದೆ’ ಎಂದು. ಧಾರವಾಡದ ಕಡೆ ಕೂಸು ಅಂದರೆ ಎಳೆಯ ಮಗು, ಗಂಡೋ ಹೆಣ್ಣೋ ಅದರಲ್ಲಿಲ್ಲ. ಆದರೆ ಹವ್ಯಕರ ಮಾತಿನಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಶಿರಸಿಯ ಅಜ್ಜಿ ಈ ಸಾಲು ಓದಿದರೆ ಮೊಮ್ಮಗಳು ಹುಟ್ಟಿದಳು ಅಂದುಕೊಳ್ಳುತ್ತಾರೆ. ‘ಗಂಡು ಕೂಸು’ ಎಂದು ಬರೆದರೆ ಅವರಿಗೆ ಇನ್ನೂ ವಿಚಿತ್ರ ಅನಿಸಬಹುದು, ಅಲ್ವಾ? ಅತ್ತ ‘ಮಾಣಿ’ ಎಂದು ಬರೆದರೆ ಮುಂಬಯಿಯಲ್ಲಿ ಹಲವರಿಗೆ ಹೋಟೆಲ್ ಮಾಣಿಯೇ ನೆನಪಾಗುತ್ತಾನೆ. ‘ಹಸುಗೂಸು’ ಬರೆದರೆ ಗೊಂದಲ ಇಲ್ಲ. ಆದರೆ ಪೇಪರಿನಲ್ಲಿ ಆ ಪದ ಹೆಚ್ಚಾಗಿ ದುಃಖದ ಸುದ್ದಿಯಲ್ಲೇ ಕಾಣುತ್ತದೆ. ‘ಶಿಶು’ ಆಸ್ಪತ್ರೆಯ ಕಾಗದದ್ದು. ಉಳಿಯುವುದು ‘ಮಗು’. ಕೂಸು ಅನ್ನುವಾಗ ಬಾಯಿಗೆ ಬರುವ ಮುದ್ದು ಅದರಲ್ಲಿ ಇಲ್ಲ ಅಂತ ನನಗೆ ಬೇಜಾರು. ಹವ್ಯಕ ಗೆಳೆಯರು ದಯವಿಟ್ಟು ಹೇಳಿ. ತೊಟ್ಟಿಲಲ್ಲಿರುವ ಗಂಡು ಮಗುವನ್ನು ನೀವು ಯಾವಾಗಲಾದರೂ ಕೂಸು ಅನ್ನುತ್ತೀರಾ? ಶಿರಸಿಗೂ ಪುತ್ತೂರು, ಕಾಸರಗೋಡಿನ ಕಡೆಗೂ ಇದರಲ್ಲಿ ವ್ಯತ್ಯಾಸ ಇದೆಯಾ?

ಇನ್ನೊಂದು ತೊಡಕು ಕಾರ್ಡಿನ ಹೆಸರಿನದು. ಮದುವೆಗೆ ಲಗ್ನಪತ್ರಿಕೆ ಇದೆ. ಇದಕ್ಕೆ? ‘ಜನ್ಮಪತ್ರಿಕೆ’ ಎಂದರೆ ಜಾತಕವಾಯಿತು. ಮರಾಠಿಯಲ್ಲೂ ಅಷ್ಟೇ, ಬರೀ ‘ಪತ್ರಿಕಾ’ ಅಂದರೂ ಇಲ್ಲಿನವರಿಗೆ ಜಾತಕವೇ. ‘ಜನನ ಪತ್ರ’ ಎಂದರೆ ಪಾಲಿಕೆಯಿಂದ ತರುವ ಸರ್ಟಿಫಿಕೇಟು, ಇಲ್ಲಿಯ ಮಾತಿನಲ್ಲಿ ಜನ್ಮ ದಾಖಲಾ. ‘ಜನನ ಪ್ರಕಟಣೆ’ ಓದಿದರೆ ಕಚೇರಿಯ ಗೋಡೆಗೆ ಅಂಟಿಸಿದ ಕಾಗದದಂತೆ ಕೇಳುತ್ತದೆ. ಮೊದಲೆಲ್ಲ ಒಳ್ಳೆಯ ಸುದ್ದಿಯ ಕಾಗದಕ್ಕೆ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಕಳಿಸುತ್ತಿದ್ದರು. ನೋಡಿದ ಕೂಡಲೇ ಶುಭ ಸುದ್ದಿ ಎಂದು ಗೊತ್ತಾಗುತ್ತಿತ್ತು, ಮೇಲೆ ಹೆಸರು ಬೇಕಿರಲಿಲ್ಲ. ಹಾಗಾಗಿ ತಲೆಬರಹವೇ ಬೇಡ, ‘ಸಿಹಿ ಸುದ್ದಿ’ ಎಂದಷ್ಟೇ ಬರೆದು ಮೂಲೆಗೆ ಅರಿಶಿನದ ಬಣ್ಣ ಕೊಟ್ಟರೆ ಸಾಕು ಎಂಬುದು ನನ್ನ ಅನಿಸಿಕೆ.

ಕ್ರಿಯಾಪದದ ಬಗ್ಗೆ ನನ್ನ ನಿಲುವು ಗಟ್ಟಿ. ‘ಜನಿಸಿದೆ’ ಬೇಡ, ‘ಹುಟ್ಟಿದೆ’ ಬೇಕು. ಜನಿಸುವುದು ದೊಡ್ಡವರ ಜೀವನಚರಿತ್ರೆಯಲ್ಲಿ. ನಮ್ಮ ಮನೆಗಳಲ್ಲಿ ಮಕ್ಕಳು ಹುಟ್ಟುತ್ತವೆ. ‘ಪುಟ್ಟ ಅತಿಥಿಯ ಆಗಮನ’ ಕೂಡ ಬೇಡ. ಮರಾಠಿಯಲ್ಲಿ ಹುಟ್ಟಿದ ಮಗುವನ್ನು ‘ನವಾ ಪಾಹುಣಾ’ ಎಂದು ಮುದ್ದಾಗಿ ಕರೆಯುತ್ತಾರೆ, ಆ ಭಾಷೆಯಲ್ಲಿ ಅದು ಸೊಗಸು. ಕನ್ನಡದಲ್ಲಿ ಅತಿಥಿ ಅಂದರೆ ಎರಡು ದಿನ ಇದ್ದು ಹೋಗುವವನು. ಮನೆಯ ಮಗನಿಗೆ ಆ ಪದ ಹೇಗೆ ಹೊಂದುತ್ತದೆ?

‘ದಂಪತಿಗೆ’ ಸರಿಯೋ ‘ದಂಪತಿಗಳಿಗೆ’ ಸರಿಯೋ ಎಂಬ ಹಳೆಯ ಜಗಳ ಇಲ್ಲಿ ಮತ್ತೆ ಎಬ್ಬಿಸುವುದಿಲ್ಲ. ಸಂಸ್ಕೃತದಲ್ಲಿ ಅದು ಮೊದಲೇ ಇಬ್ಬರನ್ನು ಹೇಳುವ ಪದ, ನಾನು ‘ದಂಪತಿಗೆ’ ಎಂದೇ ಬರೆಯುತ್ತೇನೆ.

ಡಿಸೈನಿನಲ್ಲಿ ಮಗುವಿನ ಹೆಸರಿಗೆ ದೊಡ್ಡ ಜಾಗ ಇದೆ. ಖಾಲಿ ಬಿಟ್ಟರೆ ಆರ್ಡರ್ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಹೆಸರಿಡುವುದು ಪುರುಡು (ಹೆರಿಗೆಯ ಸೂತಕ) ಕಳೆದ ಮೇಲೆ, ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಮರಾಠಿಯ ‘ಬಾರಸೆ’ ಎಂಬ ಹೆಸರಿನಲ್ಲೇ ಹನ್ನೆರಡು ಇದೆ. ಸರಕಾರವೂ ಇದಕ್ಕೆ ಅವಕಾಶ ಕೊಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ 21 ದಿನದೊಳಗೆ ಹುಟ್ಟನ್ನು ತಿಳಿಸಬೇಕು, ಆದರೆ ಹೆಸರಿಲ್ಲದೆಯೂ ಬರೆಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ದುಡ್ಡು ಕೊಡಬೇಕಿಲ್ಲ. ಕಾರ್ಡಿಗೆ ಮಾತ್ರ ಅವಸರ! ಆ ಜಾಗದಲ್ಲಿ ‘ಪುಟ್ಟ’ ಎಂದು ಹಾಕೋಣ ಅಂತ ತಂಗಿ, ‘ಚಿ. ಪಾಪು’ ಅಂತ ಅಮ್ಮ. ನನಗೆ ‘ಪುಟ್ಟ’ ಇಷ್ಟ. ಹೆಸರಿಡುವ ಮೊದಲು ‘ಚಿ.’ ಹಾಕುವ ರೂಢಿ ನಿಮ್ಮ ಕಡೆ ಇದೆಯಾ? ಪುರುಡಿಗೆ ನಮ್ಮಲ್ಲಿ ಕೆಲವರು ವೃದ್ಧಿ ಅನ್ನುತ್ತಾರೆ, ತುಳುವರು ಅಮೆ ಅನ್ನುತ್ತಾರೆ. ಆ ದಿನಗಳಲ್ಲಿ ಕಾರ್ಡು ಕೈಸೇರುವುದಕ್ಕೆ ಯಾರದಾದರೂ ಮನೆಯಲ್ಲಿ ಆಕ್ಷೇಪ ಇದ್ದರೆ ಅದನ್ನೂ ತಿಳಿಸಿ.

ತೂಕದ ಜಾಗವನ್ನು ತೆಗೆದೇಬಿಟ್ಟೆವು. ದೃಷ್ಟಿಯಾಗುತ್ತದೆ ಎಂದು ಅಮ್ಮ ಹೇಳಿದ ಮೇಲೆ ಮಾತಿಲ್ಲ. ಮಲಗಿರುವ ಮಗುವಿಗೆ ‘ಎತ್ತರ’ ಬರೆಯುವುದಾ ‘ಉದ್ದ’ ಬರೆಯುವುದಾ ಎಂಬ ಪ್ರಶ್ನೆಯೂ ಹಾಗೇ ಹೋಯಿತು.

ಇದೇ ರೀತಿ ಕಾರ್ಡು ಮಾಡಿಸುವವರಿಗೆ ಒಂದು ಮಾತು. ಡಿಸೈನಿನ ಅಲಂಕಾರದ ಫಾಂಟುಗಳಲ್ಲಿ ಕನ್ನಡ ಇರುವುದಿಲ್ಲ. ಟೈಪ್ ಮಾಡಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ‘ಹುಟ್ಟಿದೆ’ ಎಂಬುದೇ ಒಡೆದು ಕಾಣುತ್ತದೆ. ಮುಂಬಯಿಯ ಏಕ್ ಟೈಪ್‌ನವರು ಮಾಡಿದ ‘ಬಾಲೂ ತಮ್ಮ’ ಫಾಂಟು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದುಂಡಗೆ, ದಪ್ಪಗೆ ಇದೆ, ಮಗುವಿನ ಕಾರ್ಡಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಬರೆದು, ಅಕ್ಷರಗಳನ್ನು ಚಿತ್ರವಾಗಿ ಬದಲಿಸಿ ಅಪ್‌ಲೋಡ್ ಮಾಡಿ. ಪ್ರಿಂಟಿಗೆ ಒಪ್ಪಿಗೆ ಕೊಡುವ ಮೊದಲು ಪ್ರೂಫ್ ತರಿಸಿಕೊಂಡು ಪ್ರತಿ ಒತ್ತನ್ನೂ ನೋಡಿ.

ಈಗ ನನ್ನ ಕರಡು ಹೀಗಿದೆ:

‘ಸಿಹಿ ಸುದ್ದಿ. ನಮಗೆ ಗಂಡು ಮಗು ಹುಟ್ಟಿದೆ. ಸದ್ಯಕ್ಕೆ ಅವನು ಪುಟ್ಟ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಸರಿಡುವ ದಿನ ಬನ್ನಿ, ಹರಸಿ.’

‘ಮಗು ಹುಟ್ಟಿದೆ’ ಎಂದು ಹೇಳಿ ಮುಂದಿನ ಸಾಲಿನಲ್ಲೇ ‘ಅವನು’ ಅಂದರೆ ಕಿವಿಗೆ ಎಡವುತ್ತದಾ? ‘ನಮಗೆ ಮಗ ಹುಟ್ಟಿದ್ದಾನೆ’ ಎಂದೇ ಶುರು ಮಾಡಲಾ? ಈ ವಾರದೊಳಗೆ ಆರ್ಡರ್ ಕೊಡಬೇಕು, ಬೇಗ ಉತ್ತರಿಸಿದರೆ ಉಪಕಾರ.