ಸುವಾರ್ತೆ ಎಲ್ಲ ಕಡೆ ಮುಟ್ಟಿದ ಮೇಲೇ ನ್ಯಾಯತೀರ್ಪಾ?

ಬೆಟಗೇರಿ ಓದುಗ:
ನಮ್ಮ ಬೆಟಗೇರಿಗೆ ಕ್ರೈಸ್ತ ಧರ್ಮ ಸಾರುವ ಬಾಸೆಲ್ ಮಿಷನ್‌ನವರು 1841ರಲ್ಲೇ ಬಂದವರು. ಆದರೂ ಮೊನ್ನೆ ಆರಾಧನೆ ಮುಗಿಸಿ ಗಿರ್ಮಿಟ್ ತಿನ್ನುವಾಗ ಗೆಳೆಯ ಕೇಳಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಸುವಾರ್ತೆ, ಅಂದ್ರೆ ಯೇಸುವಿನ ಶುಭಸುದ್ದಿ, ಎಲ್ಲ ಜನಾಂಗಗಳಿಗೂ ಮುಟ್ಟಿದ ಮೇಲೆ ಅಂತ್ಯ ಅಂತ ಬೈಬಲಿನ ಮತ್ತಾಯ 24:14ರಲ್ಲಿದೆ. ನಾವು ಬೇಗ ಬೇಗ ಸಾರಿದರೆ ಲೋಕಕ್ಕೆ ದೇವರ ತೀರ್ಪೂ ಬೇಗ ಬರುತ್ತಾ? ಸುಮ್ನೆ ಹೆದರಿಸುವ ಉತ್ತರ ಬೇಡ.

ಧಾರವಾಡದ ಅಕ್ಕ:
ಅದೇ ಅಧ್ಯಾಯದ 36ನೇ ವಚನ ಓದು ತಮ್ಮಾ. ಆ ದಿನ ದೂತರಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. ನಾವ್ಯಾರು ತಾರೀಖು ಹಾಕೋಕೆ? ಸುವಾರ್ತೆ, ತೀರ್ಪು ಎರಡೂ ಒಟ್ಟಿಗೆ ಸಿಗೋದು ಬೈಬಲಿನ ಕೊನೆಯ ಪುಸ್ತಕ ಪ್ರಕಟನೆ 14:6-7ರಲ್ಲಿ. ದೂತ ಎಲ್ಲ ಕುಲ, ಭಾಷೆಯವರಿಗೂ ಸುವಾರ್ತೆ ಸಾರುತ್ತಾನೆ. ಅದರ ಬೆನ್ನಲ್ಲೇ ತೀರ್ಪಿನ ಗಳಿಗೆ ಬಂತು ಅನ್ನುತ್ತಾನೆ. ಗ್ರೀಸಿನ ಅಥೇನೆಯಲ್ಲಿ ಸುವಾರ್ತೆ ಸಾರುತ್ತಿದ್ದ ಪೌಲ ಹೇಳಿದ್ದೂ ಇದೇ: ದೇವರು ಲೋಕಕ್ಕೆ ತೀರ್ಪಿನ ದಿನ ಗೊತ್ತುಮಾಡಿದ್ದಾನೆ, ಅದಕ್ಕೇ ಎಲ್ಲರೂ ಮನಸ್ಸು ತಿರುಗಿಸಿಕೊಳ್ಳಿ. ತೀರ್ಪು ಎಲ್ಲರಿಗೂ ಇದೆ ಅಂದಮೇಲೆ ಸುದ್ದಿಯೂ ಎಲ್ಲರಿಗೂ ಮುಟ್ಟಬೇಕು, ಅಲ್ವಾ?

ಹಳೇ ಹುಬ್ಬಳ್ಳಿ:
ಮತ್ತಾಯ 25 ಬಿಡಬೇಡಿ. ಅಲ್ಲಿ ಎಷ್ಟು ಜನರಿಗೆ ಸಾರಿದೆ ಅಂತ ಲೆಕ್ಕ ಕೇಳಲ್ಲ. ಹಸಿದವನಿಗೆ ಊಟ ಕೊಟ್ಟೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋದೆಯಾ ಅನ್ನೋದೇ ವಿಚಾರಣೆ. ನಮ್ಮಲ್ಲಿ ಈ ಭಾಗದ ಪ್ರಸಂಗ ಕಡಿಮೆ, ಅಂತ್ಯದ ಗುರುತು ಅನ್ನೋ ಭೂಕಂಪ, ಯುದ್ಧದ್ದೇ ಜಾಸ್ತಿ.

ಬೆಟಗೇರಿ ಓದುಗ:
ಸರಿ. ಸುದ್ದಿ ಕಿವಿಗೇ ಬೀಳದೆ ಸತ್ತವರು?

ಧಾರವಾಡದ ಅಕ್ಕ:
ಪೌಲ ರೋಮಾಪುರದವರಿಗೆ ಬರೆದ ಪತ್ರದ 2:14-16 ನೋಡು. ಮೋಶೆಯ ಧರ್ಮಶಾಸ್ತ್ರ ಸಿಗದವರಿಗೆ ಅವರ ಮನಸ್ಸಾಕ್ಷಿಯೇ ಸಾಕ್ಷಿ.