ಕಾವೇರಿ ಪಕ್ಕ ಸೈಕಲ್ ಸುತ್ತು: ಎಲ್ಲಿಂದ ಹೊರಡೋದು?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾನು, ತಮ್ಮ ಇಬ್ಬರೂ ಮೈಸೂರಿನಿಂದ ಬರುತ್ತಿದ್ದೇವೆ. ಮಡಿಕೇರಿ, ಮೂರ್ನಾಡು, ನಾಪೋಕ್ಲು, ಭಾಗಮಂಡಲ, ಚೇರಂಬಾಣೆ, ಮತ್ತೆ ಮಡಿಕೇರಿ ಅಂತ ಒಂದು ಸುತ್ತು ಹಾಕುವ ಆಸೆ. ಗೇರ್ ಸೈಕಲ್ ಇದೆ, ಗುಡ್ಡದ ಅಭ್ಯಾಸ ಕಡಿಮೆ. ಹೋಗಿಬಂದವರು ಹೇಳಿ.

ಉತ್ತರ: ನಾನು ಈ ಸುತ್ತನ್ನು ಮೂರು ಸಲ ಹಾಕಿದ್ದೇನೆ. ಒಂದೇ ಮಾತು, ಮಡಿಕೇರಿಯಿಂದ ಹೊರಡಬೇಡಿ. ಊರು ಇರುವುದು ಎತ್ತರದಲ್ಲಿ. ಬೆಳಗ್ಗೆ ಸುಮ್ನೆ ಇಳಿದುಬಿಡುತ್ತೀರಿ, ಖುಷಿಯೋ ಖುಷಿ. ಆದರೆ ಭಾಗಮಂಡಲದಿಂದ ವಾಪಸ್ ಸುಮಾರು 38 ಕಿ.ಮೀ. ದಾರಿ, ಮಧ್ಯಾಹ್ನದ ಬಿಸಿಲಲ್ಲಿ, ಕಾಲು ಸೋತಿರುವಾಗ ಹತ್ತಬೇಕಾಗುತ್ತದೆ. ಮೊದಲ ಸಲ ನಾನು ಬೆಟ್ಟಗೇರಿ ದಾಟಿದ ಮೇಲೆ ಸೈಕಲ್ ತಳ್ಳಿಕೊಂಡೇ ಬಂದೆ.

ನಾಪೋಕ್ಲುವಿನಲ್ಲಿ ಉಳಿದುಕೊಳ್ಳಿ, ಅಲ್ಲಿಂದಲೇ ಶುರು ಮಾಡಿ. ತಂಪು ಹೊತ್ತಿನಲ್ಲಿ ಭಾಗಮಂಡಲ ಮುಟ್ಟಬಹುದು. ಕಾವೇರಿ, ಕನ್ನಿಕೆ ಸೇರುವ ಸಂಗಮದ ಹತ್ತಿರ ಕೂತು ತಿಂಡಿ ತಿನ್ನಿ. ಆಮೇಲೆ ಚೇರಂಬಾಣೆ ಕಡೆಯಿಂದ ನಿಧಾನವಾಗಿ ಮಡಿಕೇರಿ ಹತ್ತಿ. ಊಟ ಅಲ್ಲಿ. ಸಂಜೆಗೆ ಮೂರ್ನಾಡಿನ ಕಡೆ ಇಳಿದರೆ ದಿನ ಮುಗಿಯುವುದು ಇಳಿಜಾರಿನಲ್ಲಿ. ಒಟ್ಟು ಹೆಚ್ಚು ಕಡಿಮೆ 80 ಕಿ.ಮೀ.

ಇನ್ನೊಂದು ವಿಷಯ. ನದಿ ಉದ್ದಕ್ಕೂ ಪಕ್ಕದಲ್ಲೇ ಕಾಣುತ್ತದೆ ಅಂದುಕೊಳ್ಳಬೇಡಿ. ಕಾಫಿ ತೋಟ, ಗದ್ದೆಗಳ ಹಿಂದೆ ಅಡಗಿರುತ್ತದೆ. ಸೇತುವೆ ಬಂದಲ್ಲೆಲ್ಲ ಇಳಿದು ನಿಲ್ಲಿ. ಮೂರ್ನಾಡಿನ ಹತ್ತಿರದ ಬಲಮುರಿಯಲ್ಲಿ ದೇವಸ್ಥಾನದ ಬಳಿ ಹೊಳೆಯ ಪಕ್ಕ ಅರ್ಧ ಗಂಟೆ ಕೂರಲೇಬೇಕು. ನನಗೆ ಇಡೀ ಸುತ್ತಿನಲ್ಲಿ ಅದೇ ಇಷ್ಟದ ಜಾಗ.

ಉತ್ತರ: ನಾನು ನಾಪೋಕ್ಲು ಕಡೆಯವಳು. ಡಿಸೆಂಬರ್ ಒಳ್ಳೆಯ ಆಯ್ಕೆ. ಗದ್ದೆ ಹಳದಿ ಆಗಿರುತ್ತದೆ, ಎಷ್ಟೋ ಕಡೆ ಕೊಯ್ಲು ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಮಾತ್ರ ಬರಬೇಡಿ. ಜೋರು ಮಳೆ ಹಿಡಿದರೆ ಬೊಳಿಬಾಣೆಯಲ್ಲಿ ಹೊಳೆ ರಸ್ತೆ ಮೇಲೆ ಬರುತ್ತದೆ, ಮೂರ್ನಾಡಿನ ದಾರಿಯೇ ಬಂದ್. ಡಿಸೆಂಬರ್ ಅಂದರೆ ಕಾಫಿ ಕೊಯ್ಲಿನ ಸಮಯ ಬೇರೆ. ಬೆಳಗ್ಗೆ, ಸಂಜೆ ಕೆಲಸದವರನ್ನು ತುಂಬಿಕೊಂಡ ಜೀಪ್‌ಗಳು ತಿರುವಿನಲ್ಲಿ ರಭಸವಾಗಿ ಬರುತ್ತವೆ. ಎಡಕ್ಕೇ ಇರಿ, ಕಿವಿಗೆ ಇಯರ್‌ಫೋನ್ ಬೇಡ. ಸಂಜೆ ಬೇಗ ಕತ್ತಲಾಗುತ್ತದೆ, ಹಿಂದಿನ ಕೆಂಪು ಲೈಟ್ ಇರಲಿ.

ಉತ್ತರ: ತಲಕಾವೇರಿ ಬಿಡ್ತೀರಾ? ಭಾಗಮಂಡಲದಿಂದ 8 ಕಿ.ಮೀ. ಅಷ್ಟೇ, ಆದರೆ ಬಿಡುವಿಲ್ಲದ ಏರು. ತುದಿ ಸಮುದ್ರ ಮಟ್ಟದಿಂದ 1276 ಮೀಟರ್ ಎತ್ತರದಲ್ಲಿದೆ. ಅದನ್ನು ಇದೇ ದಿನಕ್ಕೆ ಸೇರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಭಾಗಮಂಡಲದಲ್ಲಿ ಒಂದು ರಾತ್ರಿ ಉಳಿದು, ಮರುದಿನ ಬೆಳಗ್ಗೆ ಖಾಲಿ ಬೆನ್ನಲ್ಲಿ ಹತ್ತಿ. ಮಂಜು ಸರಿದಾಗ ಸುತ್ತ ಬೆಟ್ಟದ ಸಾಲು ಕಾಣುತ್ತದಲ್ವಾ, ಅಷ್ಟು ಹತ್ತಿದ್ದಕ್ಕೂ ಬೆಲೆ ಸಿಗುತ್ತದೆ. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಇರಬೇಡಿ. ಒತ್ತಿ, ಬಿಡಿ, ಮತ್ತೆ ಒತ್ತಿ. ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ಬದಲಾಯಿಸಿ.

ಉತ್ತರ: ಏರು ಜಾಸ್ತಿ ಅನ್ನಿಸಿದರೆ ಕಾವೇರಿ ಕೆಳಗೆ ಹರಿಯುವ ಕಡೆಯ ಈ ದಾರಿ ನೋಡಿ: ಸಿದ್ದಾಪುರ, ನೆಲ್ಯಹುದಿಕೇರಿ, ವಾಲ್ನೂರು, ನಂಜರಾಯಪಟ್ಟಣ, ಗುಡ್ಡೆಹೊಸೂರು. ಏರಿಳಿತ ಸಣ್ಣದು. ಆದರೆ ಅಲ್ಲಿ ಕಾಡಾನೆಗಳು ತೋಟದಲ್ಲೇ ಇರುತ್ತವೆ. ಬಿಸಿಲು ಚೆನ್ನಾಗಿ ಬಂದ ಮೇಲೆ ಹೊರಡಿ, ಸಂಜೆ ಐದಕ್ಕೆ ಮುಂಚೆ ಮುಗಿಸಿ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಮುಂದೆ ಹೋಗಬೇಡಿ. ಹತ್ತಿರದ ಅಂಗಡಿಯಲ್ಲಿ ಕೇಳಿ, ಆನೆ ಯಾವ ಕಡೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ.